ಅಂಗೈಯ ಕಲ್ಲು, ಊರಬಾಗಿಲ ಕಲ್ಲು

(ಚನ್ನಗಿರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಚೀನಾದ ಹಳೆಯ ಜೇಡ್ ಕೆತ್ತನೆಗಳ ಮೇಲೆ ಉಪನ್ಯಾಸ ಎಂದು ಆಹ್ವಾನ ಪತ್ರಿಕೆಯಲ್ಲಿ ಓದಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಅಡಿಕೆ, ಮೆಕ್ಕೆಜೋಳದ ಈ ಸೀಮೆಗೂ ಚೀನಾದ ಕಲ್ಲಿಗೂ ಎಲ್ಲಿಯ ನಂಟು? ನಂಟು ಆಗಲೇ ಬೆಳೆದುಬಿಟ್ಟಿದೆ. ಪೇಟೆ ಬೀದಿಯಲ್ಲಿ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲೆ ಕಣ್ಣಾಡಿಸಿ. ಲಕ್ಷ್ಮಿಯ ಫೋಟೊದ ಪಕ್ಕದಲ್ಲೇ ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ, ಹೊಟ್ಟೆ ಬಿಟ್ಟುಕೊಂಡು ನಗುವ ಬುದ್ಧ ಕೂತಿರುತ್ತಾರೆ. ಆ ನಗುವವನು ಗೌತಮ ಬುದ್ಧನಲ್ಲ. ಬಟ್ಟೆಯ ಚೀಲ ಹೊತ್ತು ಊರೂರು ತಿರುಗಿದ ಬುಡಾಯ್ ಎಂಬ ಚೀನೀ ಭಿಕ್ಷು. ಕಪ್ಪೆ ಲಿಯು ಹಾಯ್ ಎಂಬ ಸಿದ್ಧಪುರುಷನ ಸಂಗಾತಿ. ಜೇಡ್ ಕುಶಲಕರ್ಮಿಗಳು ತಲೆಮಾರುಗಳ ಕಾಲ ಕೊರೆದ ಆಕಾರಗಳು ಇವು. ನಮಗೆ ಅವು ಬಂದಿರುವುದು ಪ್ಲಾಸ್ಟಿಕ್‌ನಲ್ಲಿ.

ಸಂಗ್ರಹಕಾರರು ಯಾವಾಗಲೂ ಕೇಳುವ ಪ್ರಶ್ನೆ, ಈ ಚಿಹ್ನೆಗೆ ಏನರ್ಥ ಎಂದು. ಮಾರುವವರ ಹತ್ತಿರ ಅದಕ್ಕೆ ಉತ್ತರದ ಪಟ್ಟಿಯೇ ಇರುತ್ತದೆ. ನಾನು ಇವತ್ತು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಕಲ್ಲನ್ನು ಎತ್ತಿಕೊಂಡು ಹೋದಾಗ ಅದರ ಅರ್ಥವೂ ಜೊತೆಗೆ ಹೋಗುತ್ತದೆಯೋ, ಇಲ್ಲ ಇದ್ದ ಜಾಗದಲ್ಲೇ ಉಳಿದುಬಿಡುತ್ತದೆಯೋ? ಚೀನಾದ ಜೇಡ್‌ಗೆ ಇದಕ್ಕೆ ಒಂದು ಉತ್ತರ, ನಮ್ಮ ಊರುಗಳ ಕಲ್ಲಿಗೆ ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡವರಿಂದ ನಮ್ಮ ಸೀಮೆಗೆ ಬಹಳ ನಷ್ಟವಾಗಿದೆ.

ಮೊದಲು ಕಲ್ಲಿನ ವಿಚಾರ. ಜೇಡ್ ಎಂಬ ಒಂದೇ ಹೆಸರಿನಡಿ ಎರಡು ಖನಿಜಗಳಿವೆ. ಒಂದು ನೆಫ್ರೈಟ್, ಇನ್ನೊಂದು ಜೇಡೈಟ್. ಇವು ಬೇರೆ ಬೇರೆ ಎಂದು 1863ರಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ಖನಿಜಶಾಸ್ತ್ರಜ್ಞ ಅಲೆಕ್ಸಿ ದಾಮೂರ್. ಚೀನಾದ ಪುರಾತನ ಕೆತ್ತನೆಗಳು ಬಹುಪಾಲು ನೆಫ್ರೈಟ್‌ನವು. ಬಿಳಿ, ಹಾಲುಗೆನೆ, ಪಾಚಿ, ಬೂದು ಬಣ್ಣದವು. ಬಿಳಿ ಜೇಡ್‌ಗೆ ಹೆಸರಾದದ್ದು ಖೋತಾನ್. ಅಲ್ಲಿ ಕುನ್ಲುನ್ ಬೆಟ್ಟಗಳಿಂದ ಇಳಿಯುವ ಎರಡು ನದಿಗಳನ್ನು ಬಿಳಿ ಜೇಡ್ ನದಿ, ಕಪ್ಪು ಜೇಡ್ ನದಿ ಎಂದೇ ಕರೆಯುತ್ತಾರೆ. ಚಿನ್ನದಂಗಡಿಯಲ್ಲಿ ಕಾಣುವ ಎಲೆಹಸಿರಿನ ಜೇಡ್ ಜೇಡೈಟ್. ಅದು ಬರ್ಮಾದ ಕಚಿನ್ ಸೀಮೆಯಿಂದ ಚೀನಾಕ್ಕೆ ದೊಡ್ಡ ಪ್ರಮಾಣದಲ್ಲಿ ಹೋಗತೊಡಗಿದ್ದು 18ನೇ ಶತಮಾನದಿಂದೀಚೆಗೆ. ಆದ್ದರಿಂದ ಎಲೆಹಸಿರಿನ ಬಳೆಯೊಂದನ್ನು ತೋರಿಸಿ ಎರಡು ಸಾವಿರ ವರ್ಷದ ಹಾನ್ ಕಾಲದ್ದು ಎಂದವರನ್ನು ನಂಬಬೇಡಿ. ಆ ಹಸಿರಿಗೆ ಇವತ್ತಿಗೂ ತೆರುವ ಬೆಲೆ ಸಣ್ಣದಲ್ಲ. 2020ರ ಜುಲೈ 2ರಂದು ಕಚಿನ್‌ನ ಫಕಾಂತ್ ಗಣಿಯಲ್ಲಿ ಮಣ್ಣಿನ ಗುಡ್ಡೆ ಕುಸಿದು, ತ್ಯಾಜ್ಯದಲ್ಲಿ ಜೇಡ್ ಚೂರು ಆಯುತ್ತಿದ್ದ 170ಕ್ಕೂ ಹೆಚ್ಚು ಬಡಜನ ಸತ್ತರು.

ನೆಫ್ರೈಟ್ ಒಳಗೆಲ್ಲ ನಾರು. ಸೂಕ್ಷ್ಮ ನಾರುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅದು ಸುಲಭಕ್ಕೆ ಒಡೆಯುವುದಿಲ್ಲ. ಉಕ್ಕಿನ ಚಾಕುವಿನಿಂದ ಗೀರಿದರೂ ಗೆರೆ ಬೀಳುವುದಿಲ್ಲ. ಹಾಗಾಗಿ ಜೇಡನ್ನು ಉಳಿಯಿಂದ ಕೆತ್ತುವ ಮಾತೇ ಇಲ್ಲ. ನೀರು, ಗಟ್ಟಿ ಮರಳು ಹಾಕಿ ತಿಂಗಳುಗಟ್ಟಲೆ ಉಜ್ಜಬೇಕು, ಸವೆಸಬೇಕು. ನಮ್ಮ ದಾವಣಗೆರೆ ಜಿಲ್ಲೆಯದೇ ಹರಿಹರದ ಹರಿಹರೇಶ್ವರ ದೇವಾಲಯವನ್ನು ನೆನೆದುಕೊಳ್ಳಿ. 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು. ಹೊಯ್ಸಳ ಶಿಲ್ಪಿಗಳ ಕೈಗೆ ಒದಗಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದಂತೆ ಗಡಸು. ಆ ಮೆದುತನವೇ ಅವರ ಉಳಿಗೆ ಅಷ್ಟು ಸೂಕ್ಷ್ಮ ಕೊಟ್ಟಿತು. ಚೀನಾದವರು ಹಿಡಿದದ್ದು ಇದಕ್ಕೆ ಪೂರ್ತಿ ವಿರುದ್ಧವಾದ, ಬಗ್ಗದ ಕಲ್ಲನ್ನು. ಇನ್ನೊಂದು ವ್ಯತ್ಯಾಸವೂ ಉಂಟು. ನಮ್ಮ ಮಲ್ಲಿತಮ್ಮನಂಥವರು ಶಿಲ್ಪದ ಕೆಳಗೆ ಹೆಸರು ಕೊರೆದರು. ಜೇಡ್ ಕೊರೆದವರಲ್ಲಿ ಮಿಂಗ್ ಕಾಲದ ಲು ಜಿಗಾಂಗ್‌ನಂಥ ಒಬ್ಬಿಬ್ಬರನ್ನು ಬಿಟ್ಟರೆ ಉಳಿದವರ ಹೆಸರು ಕಾಣುವುದಿಲ್ಲ.

ಉಜ್ಜಿ ನಯಮಾಡುವ ವಿದ್ಯೆ ನಮಗೂ ಹೊಸದೇನಲ್ಲ. ಜಗಳೂರಿನಿಂದ ಪೂರ್ವದತ್ತ ಹೋದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಸಿಗುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ನವಶಿಲಾಯುಗದ ನಯಗೊಳಿಸಿದ ಕಲ್ಗೊಡಲಿಗಳು ಬಂದವು. ಬಳ್ಳಾರಿಯ ಸಂಗನಕಲ್ಲಿನಲ್ಲಿ ಇಂಥ ಕೊಡಲಿ ತಯಾರಿಸುವ ಕಾರ್ಯಾಗಾರವೇ ಇತ್ತು. ಬಂಡೆಗಳ ಮೇಲೆ ಕೊಡಲಿ ಉಜ್ಜಿ ಉಜ್ಜಿ ಬಿದ್ದ ಗುಳಿಗಳು ಇಂದಿಗೂ ಇವೆ. ಚೀನಾದ ಲಿಯಾಂಗ್‌ಝು ಜನ ಸುಮಾರು 5000 ವರ್ಷಗಳ ಹಿಂದೆ ಕಲ್ಲಿನ ಕೊಡಲಿಯನ್ನೇ ಜೇಡ್‌ನಲ್ಲಿ ಮಾಡಿಸಿ ಅಧಿಕಾರದ ಗುರುತಾಗಿ ಗೋರಿಯಲ್ಲಿಟ್ಟರು. ಅಲ್ಲಿ ಕೊಡಲಿ ಮರ ಕಡಿಯುವುದನ್ನು ಬಿಟ್ಟು ಅರ್ಥ ಹೊರತೊಡಗಿತು. ಇಲ್ಲಿ ಅದು ಉಪಕರಣವಾಗಿಯೇ ಉಳಿಯಿತು.

ಒಂದು ಮಾತು, ಹೊರಗಿನದಾದರೂ ಹೇಳಿಬಿಡುತ್ತೇನೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳ ಜೊತೆಗೆ ಚೀನೀ ನಾಣ್ಯವೊಂದು ಸಿಕ್ಕ ಸಂಗತಿ ಮೈಸೂರು ಪ್ರಾಕ್ತನ ಇಲಾಖೆಯ ಹಳೆಯ ವರದಿಯಲ್ಲಿ ದಾಖಲಾಗಿದೆ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಒಂದು ನಾಣ್ಯದ ಮೇಲೆ ಚೀನಾ-ಕರ್ನಾಟಕ ವ್ಯಾಪಾರದ ದೊಡ್ಡ ಕಟ್ಟಡ ಎಬ್ಬಿಸುವವರ ಸಾಲಿಗೆ ನಾನು ಸೇರುವುದಿಲ್ಲ.

ಈಗ ಅರ್ಥಗಳಿಗೆ ಬರೋಣ. ಜೇಡ್‌ನ ಅತಿ ಹಳೆಯ ಎರಡು ಆಕಾರಗಳು ಬಿ ಮತ್ತು ತ್ಸುಂಗ್. ಬಿ ಎಂದರೆ ನಡುವೆ ತೂತಿರುವ ದುಂಡು ಬಿಲ್ಲೆ. 2008ರ ಬೀಜಿಂಗ್ ಒಲಿಂಪಿಕ್ಸ್ ಪದಕಗಳಲ್ಲಿ ಕೂಡಿಸಿದ್ದ ಜೇಡ್ ಬಳೆಗೆ ಇದೇ ಮಾದರಿ. ತ್ಸುಂಗ್ ಹೊರಗೆ ಚೌಕ, ಒಳಗೆ ದುಂಡು ಕೊಳವೆ. ಬಿ ಎಂದರೆ ಆಕಾಶ, ತ್ಸುಂಗ್ ಎಂದರೆ ಭೂಮಿ ಎಂದು ಸಂಗ್ರಹಕಾರರ ಕೈಪಿಡಿಗಳೆಲ್ಲ ಹೇಳುತ್ತವೆ. ಆದರೆ ಈ ವಿವರಣೆ ಬರುವ ಗ್ರಂಥಗಳು ಲಿಯಾಂಗ್‌ಝು ಜನ ಮಾಯವಾಗಿ ಎರಡು ಸಾವಿರ ವರ್ಷಗಳಾದ ಮೇಲಿನವು. ಮಾಡಿದವರಿಗೆ ಲಿಪಿ ಇರಲಿಲ್ಲ. ಅವರ ಮನಸ್ಸಿನಲ್ಲಿದ್ದುದು ಅವರ ಜೊತೆಗೇ ಹೋಯಿತು. ನಾವು ಓದುತ್ತಿರುವುದು ನಂತರದವರು ಅಂಟಿಸಿದ ಚೀಟಿಯನ್ನು.

ಸಾವಿನ ಜೇಡ್‌ಗಳ ಕಥೆ ಇದಕ್ಕಿಂತ ಸ್ಪಷ್ಟ. ಹಾನ್ ಕಾಲದಲ್ಲಿ ಸತ್ತವರ ನಾಲಿಗೆಯ ಮೇಲೆ ಜೇಡ್‌ನ ಜೀರುಂಡೆ ಇಡುತ್ತಿದ್ದರು. ವರ್ಷಗಟ್ಟಲೆ ಮಣ್ಣಿನೊಳಗಿದ್ದು, ಪೊರೆ ಕಳಚಿ, ಮರ ಹತ್ತಿ ಹಾಡುವ ಹುಳು ಅದು. ಸತ್ತವನೂ ಹಾಗೆ ಎದ್ದು ಬರಲಿ ಎಂಬ ಹಂಬಲ. ಕೈಗಳಲ್ಲಿ ಜೇಡ್‌ನ ಹಂದಿ, ಅದು ಸಂಪತ್ತಿಗೆ. ಜೇಡ್ ದೇಹವನ್ನು ಕೊಳೆಯಲು ಬಿಡುವುದಿಲ್ಲ ಎಂಬ ನಂಬಿಕೆ ಕೊನೆಗೆ ಮೈತುಂಬ ಹೊದಿಸುವ ಜೇಡ್ ಕವಚದವರೆಗೆ ಹೋಯಿತು. 1968ರಲ್ಲಿ ಹೆಬೆಯ್ ಪ್ರಾಂತದ ಮಾಂಚೆಂಗ್‌ನಲ್ಲಿ ರಾಜಕುಮಾರ ಲಿಯು ಶೆಂಗ್‌ನ ಗೋರಿ ತೆರೆದಾಗ 2498 ಜೇಡ್ ತುಂಡುಗಳನ್ನು ಚಿನ್ನದ ತಂತಿಯಿಂದ ಹೊಲಿದ ಕವಚ ಸಿಕ್ಕಿತು. ತಂತಿಯೇ ಒಂದು ಕಿಲೋ ಮೀರುತ್ತಿತ್ತು. ಒಳಗಿದ್ದ ರಾಜಕುಮಾರ ಮಾತ್ರ ಮಣ್ಣಾಗಿಹೋಗಿದ್ದ.

ನಂತರದ ಶತಮಾನಗಳಲ್ಲಿ, ಅದರಲ್ಲೂ ಮಿಂಗ್ ಮತ್ತು ಚಿಂಗ್ ಕಾಲಗಳಲ್ಲಿ, ಜೇಡ್ ಗೋರಿಯಿಂದ ಮೇಜಿಗೆ, ಸೊಂಟದ ಪಟ್ಟಿಗೆ, ಅಂಗೈಗೆ ಬಂತು. ಇಂದಿನ ಸಂಗ್ರಹಕಾರರು ಹೆಚ್ಚಾಗಿ ಕೊಳ್ಳುವುದು ಈ ಕಾಲದ ಸಣ್ಣ ಕೆತ್ತನೆಗಳನ್ನೇ. ಇಲ್ಲಿಯ ಚಿಹ್ನೆಗಳಿಗೆ ಮೂಲ ಶ್ಲೇಷೆ. ಬಾವಲಿಯನ್ನೂ ಭಾಗ್ಯವನ್ನೂ ಚೀನೀ ಭಾಷೆಯಲ್ಲಿ ‘ಫು’ ಎಂದೇ ಉಚ್ಚರಿಸುತ್ತಾರೆ. ಹಾಗಾಗಿ ನಾವು ಹಳೇ ಗುಡಿಯಿಂದ ಓಡಿಸುವ ಬಾವಲಿ ಅಲ್ಲಿ ಶುಭದ ಗುರುತು; ಐದು ಬಾವಲಿ ಕೆತ್ತಿದರೆ ದೀರ್ಘಾಯುಷ್ಯ, ಐಶ್ವರ್ಯ, ಆರೋಗ್ಯ, ಸದ್ಗುಣ, ಸುಖಮರಣ ಎಂಬ ಐದು ಭಾಗ್ಯ. ಮೀನು ಸಮೃದ್ಧಿಗೆ, ಅದೂ ಉಚ್ಚಾರದ ಸಾಮ್ಯದಿಂದಲೇ. ಕುದುರೆಯ ಮೇಲೆ ಕೂತ ಮಂಗನನ್ನು ಕೊಟ್ಟರೆ ಬೇಗ ಬಡ್ತಿ ಸಿಗಲಿ ಎಂದು ಅಧಿಕಾರಿಗೆ ಹಾರೈಸಿದಂತೆ. ಪೀಚ್ ಹಣ್ಣು ಆಯುಷ್ಯಕ್ಕೆ. ಬೀಜ ತುಂಬಿದ ದಾಳಿಂಬೆ ಸಂತಾನಕ್ಕೆ. ಇದನ್ನು ಯಾವ ದೇಶದವರಿಗೂ ಬಿಡಿಸಿ ಹೇಳಬೇಕಿಲ್ಲ. ಷಡಕ್ಷರಿ, ನೇಮಿಚಂದ್ರರನ್ನು ಓದಿದ ನಾಡಿನವರಿಗೆ ಶ್ಲೇಷೆಯ ರುಚಿ ಗೊತ್ತು, ಅದರ ಅತಿರೇಕವೂ ಗೊತ್ತು. ಚಿಂಗ್ ಕಾಲದ ಎಷ್ಟೋ ಜೇಡ್‌ಗಳು ನನಗೆ ಶಬ್ದಾಲಂಕಾರವೇ ತುಂಬಿದ ಚಂಪೂವಿನಂತೆ ಕಾಣುತ್ತವೆ. ಸುಮ್ಮನೆ ಮಲಗಿದ ಎಮ್ಮೆಯೊಂದರ ಹಳೆಯ ಕೆತ್ತನೆ ಎದುರಾದರೆ ಇಂಥ ನೂರು ಬಾವಲಿಗಳನ್ನು ಬಿಟ್ಟುಕೊಡಬಹುದು.

ಗಮನಿಸಬೇಕಾದ್ದು ಇದು. ಈ ಅರ್ಥಗಳೆಲ್ಲ ಕಲ್ಲಿನೊಳಗೇ ಅಡಕ. ಕಲ್ಲು ಯಾವ ಊರಿಗೆ ಹೋದರೂ ಬಾವಲಿ ಬಾವಲಿಯೇ. ಕೈಯಿಂದ ಕೈಗೆ ದಾಟಿಸಲೆಂದೇ, ಉಡುಗೊರೆಗೆಂದೇ ಮಾಡಿದ ವಸ್ತು ಅದು. ಸಂಗ್ರಹಿಸುವ ಚಟವೂ ಚೀನಾದಲ್ಲಿ ಹೊರಗಿನಿಂದ ಬಂದದ್ದಲ್ಲ. 1976ರಲ್ಲಿ ಆನ್‌ಯಾಂಗ್‌ನಲ್ಲಿ ತೆರೆದ ರಾಣಿ ಫು ಹಾವೋಳ ಗೋರಿಯಲ್ಲಿ 755 ಜೇಡ್ ವಸ್ತುಗಳಿದ್ದವು. ಅವುಗಳಲ್ಲಿ ಕೆಲವು ಅವಳ ಕಾಲಕ್ಕೇ ಸಾವಿರ ವರ್ಷಕ್ಕಿಂತ ಹಳೆಯವು. ಅಂದರೆ ಮೂರು ಸಾವಿರ ವರ್ಷಗಳ ಹಿಂದಿನ ರಾಣಿಯೂ ಪುರಾತನ ವಸ್ತುಗಳನ್ನು ಕೂಡಿಟ್ಟವಳು. 1092ರಲ್ಲಿ ಲು ದಾಲಿನ್ ಎಂಬ ವಿದ್ವಾಂಸ ಪ್ರಾಚೀನ ಕಂಚು ಮತ್ತು ಜೇಡ್‌ಗಳ ಸಚಿತ್ರ ಸೂಚಿಯನ್ನೇ ಮಾಡಿದ. 18ನೇ ಶತಮಾನದ ಚಕ್ರವರ್ತಿ ಚಿಯಾನ್‌ಲಾಂಗ್ ತನಗೆ ಮೆಚ್ಚಿಗೆಯಾದ ಹಳೆಯ ಜೇಡ್‌ಗಳ ಮೇಲೆ ಸ್ವಂತ ಪದ್ಯ ಕೊರೆಸುತ್ತಿದ್ದ. ಅವನು ಬಹಳ ಮೆಚ್ಚಿದ್ದು ‘ಹಿಂದೂಸ್ತಾನದ ಜೇಡ್’, ಅಂದರೆ ಮೊಗಲ್ ಶೈಲಿಯ ಬಟ್ಟಲುಗಳನ್ನು. ಅವು ಎಲೆಯಷ್ಟು ತೆಳ್ಳಗಿರುತ್ತವೆ ಎಂಬುದೇ ಅವನಿಗೆ ಬೆರಗು. ಷಹಜಹಾನನಿಗಾಗಿ 1657ರಲ್ಲಿ ಮಾಡಿದ, ಆಡಿನ ತಲೆಯಂತೆ ಹಿಡಿಕೆ ಬಾಗಿದ ಬಿಳಿ ಬಟ್ಟಲು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅಷ್ಟು ದೂರ ಹೋಗಲಾಗದವರು ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂಗೆ ಹೋಗಿ ಜೇಡ್ ಕೋಣೆ ನೋಡಬೇಕು. ಜಹಾಂಗೀರನ ಕಠಾರಿ, ನೂರ್‌ಜಹಾನಳ ಹಣ್ಣು ಕತ್ತರಿಸುವ ಚಾಕು ಅಲ್ಲಿವೆ. ದಾವಣಗೆರೆಯಿಂದ ಒಂದು ರಾತ್ರಿಯ ಪ್ರಯಾಣ.

ಕೊಳ್ಳುವ ಆಸೆ ಇದ್ದವರಿಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ‘ಇಂಡಿಯನ್ ಜೇಡ್’ ಎಂದು ಮಾರುವ ಮಿನುಗು ಹಸಿರಿನ ಕಲ್ಲು ಜೇಡೇ ಅಲ್ಲ. ಅದು ಅವೆಂಚುರಿನ್, ಹಸಿರು ಅಭ್ರಕ ಬೆರೆತ ಬೆಣಚು ಜಾತಿಯ ಕಲ್ಲು. ನಮ್ಮ ಮೈಸೂರು ಸೀಮೆಯ ನೆಲದಲ್ಲೂ ಸಿಗುತ್ತದೆ. ಚೆಂದದ ಕಲ್ಲು, ಆದರೆ ಅದಕ್ಕೆ ಅದರ ಬೆಲೆ ಕೊಡಿ ಸಾಕು. ‘ಹೊಸ ಜೇಡ್’ ಎಂಬುದು ಸರ್ಪೆಂಟೈನ್, ಚಾಕುವಿಗೆ ಗೀರು ಬೀಳುವಷ್ಟು ಮೆತ್ತಗೆ. ಜೇಡೈಟ್‌ನಲ್ಲೇ ಆಸಿಡ್‌ನಲ್ಲಿ ತೊಳೆದು ರಾಳ ತುಂಬಿದ್ದನ್ನು ಬಿ ದರ್ಜೆ, ಬಣ್ಣ ಕೂಡಿಸಿದ್ದನ್ನು ಸಿ ದರ್ಜೆ ಎನ್ನುತ್ತಾರೆ. ಹೊಸ ಕೆತ್ತನೆಯನ್ನು ಸುಟ್ಟು, ಬಣ್ಣದಲ್ಲಿ ನೆನೆಸಿ ಗೋರಿಯಿಂದ ಬಂದದ್ದು ಎನ್ನಿಸುವ ಕಲೆಗೂ ಚೀನಾದಲ್ಲಿ ನೂರಾರು ವರ್ಷಗಳ ಇತಿಹಾಸವಿದೆ. ಕಲ್ಲಿನ ವಯಸ್ಸನ್ನು ಕಣ್ಣಳತೆಯಲ್ಲಿ ಹೇಳುವವರಿಗಿಂತ, ಅದು ಯಾರಿಂದ ಯಾರಿಗೆ ಬಂತೆಂಬ ಹಳೆಯ ರಸೀದಿ ತೋರಿಸುವವರು ಮೇಲು.

ಜೇಡ್‌ನಂತೆ ಅಂಗೈಯಲ್ಲಿ ಹಿಡಿಯುವ ಕಲ್ಲು ನಮ್ಮಲ್ಲೂ ಒಂದಿದೆ. ಈ ಸಭೆಯಲ್ಲೇ ಎಷ್ಟೋ ಜನರ ಎದೆಯ ಮೇಲಿದೆ. ಇಷ್ಟಲಿಂಗದ ಒಳಗಿನದು ಪುಟ್ಟ ಕಲ್ಲು. ಅದರ ಮೇಲೆ ಕಪ್ಪಗೆ ಹೊಳೆಯುವ ಕಂತಿ. ಎಡ ಅಂಗೈಯಲ್ಲಿಟ್ಟು ದೃಷ್ಟಿ ನೆಡುವ ಆ ಕಲ್ಲಿಗೆ ಕೆತ್ತನೆಯಿಲ್ಲ, ಬಾವಲಿಯಿಲ್ಲ, ಮೀನಿಲ್ಲ. ಜೇಡ್ ತಂದೆಯಿಂದ ಮಗನಿಗೆ ಬರುತ್ತದೆ, ಮಾರಾಟವಾಗುತ್ತದೆ, ಹರಾಜಾಗುತ್ತದೆ. ಇಷ್ಟಲಿಂಗ ಆಸ್ತಿಯಲ್ಲ. ಕಟ್ಟಿಕೊಂಡವರ ಜೊತೆಗೇ ಬದುಕಿ, ಕೂತ ಭಂಗಿಯಲ್ಲಿ ಸಮಾಧಿ ಮಾಡುವಾಗ ಅವರ ಕೈಯಲ್ಲೇ ಮಣ್ಣಿಗೆ ಹೋಗುತ್ತದೆ. ಹಾನ್ ರಾಜಕುಮಾರನ ಕೈಯಲ್ಲಿದ್ದ ಜೇಡ್‌ಗೂ ಇದಕ್ಕೂ ಮೇಲ್ನೋಟಕ್ಕೆ ಹೋಲಿಕೆ ಕಾಣುತ್ತದೆ. ಆದರೆ ಅದು ಮುಂದಿನ ಲೋಕದ ಸಿರಿಗೆ ಕಟ್ಟಿಕೊಟ್ಟ ಬುತ್ತಿ. ಇದು ಬದುಕಿದ್ದಾಗಿನ ಪೂಜೆಯನ್ನೇ ಮುಂದುವರಿಸಿದ್ದು. ಹಾಗಾಗಿ ಸಂಗ್ರಹಕಾರರಿಗೆ ಇಲ್ಲಿ ಸಿಕ್ಕುವುದು ಹೊರಗಿನ ಡಬ್ಬಿ ಮಾತ್ರ. ಬೆಳ್ಳಿಯ ಕರಡಿಗೆ, ಚೌಕ, ಗುಂಡುಗಡಿಗೆಗಳು ವಿದೇಶದ ಹರಾಜು ಮನೆಗಳ ಪಟ್ಟಿಗಳಲ್ಲಿ ಆಗಾಗ ಬರುತ್ತವೆ, ಒಳಗೆ ಖಾಲಿ. ಅಜ್ಜನ ಕರಡಿಗೆಯನ್ನು ಬೆಳ್ಳಿಯ ತೂಕಕ್ಕೆ ಹಾಕಿ ಹೊಸ ಚೈನು ಮಾಡಿಸಿದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವುಗಳ ಮೇಲಿದ್ದ ಕುಸುರಿ ಅಕ್ಕಸಾಲಿಯ ಮೂಸೆಯಲ್ಲಿ ಕರಗಿತು.

ಇನ್ನು ಊರಬಾಗಿಲ ಕಲ್ಲು. 1902ರಲ್ಲಿ ಬಿ. ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ 7ನೇ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ನ್ಯಾಮತಿಯ ಊರುಗಳು ಆಗ ಹೊನ್ನಾಳಿಯೊಳಗೇ ಇದ್ದವು. ಮರುವರ್ಷದ 11ನೇ ಸಂಪುಟದಲ್ಲಿ ಜಗಳೂರಿನವು. ಸಂಪುಟ ತೆರೆದರೆ ಪ್ರತಿ ಶಾಸನದ ತಲೆಯ ಮೇಲೆ ಕಲ್ಲು ನಿಂತ ಜಾಗ ಬರೆದಿರುತ್ತದೆ: ಇಂಥ ಊರು, ಇಂಥ ಗುಡಿಯ ಮುಂದೆ, ಇಂಥ ಕೆರೆಯ ಏರಿ. ಪಾಠಕ್ಕೆ ಮೊದಲು ಜಾಗ. ರೈಸರ ಕಚೇರಿಯವರಿಗೆ ತಿಳಿದಿದ್ದುದು ಇವತ್ತಿನ ಕೆಲವು ಸಂಗ್ರಹಕಾರರಿಗೆ ತಿಳಿದಿಲ್ಲ.

ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಸಿಂದ ಅರಸರ ನೆಲೆಯಾಗಿತ್ತು. ಹೊಯ್ಸಳರು, ಸೇವುಣರು ಗುದ್ದಾಡಿದ ಸೀಮೆ ಇದು. ಅಂಥ ಕಡೆ ವೀರಗಲ್ಲುಗಳಿಗೆ ಬರವಿಲ್ಲ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ; ದನಗಳ ಸಾಲು ಇದ್ದರೆ ತುರುಗೊಳ್ ಎಂದು ತಿಳಿಯಬೇಕು, ಹೆಂಗಸರ ಮಾನ ಕಾಯಲು ಹೋರಾಡಿದ್ದಾದರೆ ಪೆಣ್ಬುಯ್ಯಲ್, ಊರನ್ನೇ ಉಳಿಸಲು ಹೋದದ್ದಾದರೆ ಊರಳಿವು. ನಡುವೆ ಅಪ್ಸರೆಯರು ಆ ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ವೀರ ಜೈನನಾದರೆ ಲಿಂಗದ ಜಾಗದಲ್ಲಿ ಜಿನ. ತುದಿಯಲ್ಲಿ ಸೂರ್ಯ ಚಂದ್ರ, ಅವು ಇರುವವರೆಗೂ ಇವನ ಹೆಸರು ಎಂದು. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಚಾಚಿ ಮೇಲಕ್ಕೆ ಬಾಗಿದ ತೋಳು, ಒಡೆಯದ ಬಳೆಗಳು, ಬೆರಳ ನಡುವೆ ನಿಂಬೆಹಣ್ಣು. ದಾನದ ಕಲ್ಲಿನಲ್ಲಿ ಹಸು ಕರು, ಕತ್ತಿ. ದಾನ ಕೆಡಿಸಿದವರಿಗೆ ಕತ್ತೆಯ ಶಾಪದ ಚಿತ್ರ, ಅದನ್ನು ಸಭೆಯಲ್ಲಿ ವಿವರಿಸುವುದು ಬೇಡ. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಕೈಯಲ್ಲಿದ್ದರೆ ಹೈಸ್ಕೂಲಿನ ಹುಡುಗರೂ ಈ ಕಲ್ಲುಗಳನ್ನು ಓದಬಲ್ಲರು. ಲಿಯಾಂಗ್‌ಝು ಬಿಲ್ಲೆಯಂತೆ ಇವು ಮೂಕವೂ ಅಲ್ಲ. ಅಕ್ಷರ ಇರುವಲ್ಲಿ ಸತ್ತವನ ಹೆಸರು, ಜಗಳದ ಕಾರಣ, ಕಲ್ಲು ನಿಲ್ಲಿಸಿದವರು, ಬಿಟ್ಟುಕೊಟ್ಟ ಗದ್ದೆ ಎಲ್ಲವನ್ನೂ ಅವೇ ಹೇಳುತ್ತವೆ.

ಆದರೆ ಆ ಮಾತು ನಿಂತ ನೆಲದ ಜೊತೆ ಕೂಡಿದಾಗಲೇ ಪೂರ್ಣ. ದನ ಹಿಡಿದುಕೊಂಡು ಹೋದ ದಾರಿ ಯಾವುದು, ಕಲ್ಲು ಯಾವ ಊರಿನ ಗಡಿಗೆ ಮುಖ ಮಾಡಿದೆ, ಬಿಟ್ಟ ಗದ್ದೆ ಎಲ್ಲಿತ್ತು ಎಂಬುದು ಕಲ್ಲಿನಲ್ಲಿ ಕೊರೆದಿಲ್ಲ; ಜಾಗದಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಎಲ್ಲರಿಗೂ ಗೊತ್ತು, ಹಂದಿಯ ಮೇಲೆ ಬಿದ್ದು ಸತ್ತ ಕಾಳಿ ಎಂಬ ನಾಯಿಯ ನೆನಪಿನದು, 10ನೇ ಶತಮಾನದ ನಡುಭಾಗದ್ದು. ಕಲ್ಲನ್ನು ಪೂಜಿಸದೆ ಅದರ ಪೂಜಾರಿ ಗೊರವ ಉಂಡರೆ ಅವನಿಗೆ ಪಾಪ ಎಂದು ಶಾಸನವೇ ವಿಧಿಸಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಕ್ಷೇಮವಾಗಿದೆ, ಗೊರವನೂ ಇಲ್ಲ, ಗದ್ದೆಯೂ ಇಲ್ಲ. ಮ್ಯೂಸಿಯಂ ಮಾಡಿದ್ದು ಸರಿಯೇ. ಇಲ್ಲದಿದ್ದರೆ ಕಲ್ಲೇ ಉಳಿಯುತ್ತಿತ್ತೋ ಇಲ್ಲವೋ. ಆದರೂ ಅಲ್ಲಿ ಉಳಿದಿರುವುದು ಅರ್ಧ.

ಮ್ಯೂಸಿಯಂ ಕನಿಷ್ಠ ಊರಿನ ಹೆಸರನ್ನಾದರೂ ಬರೆದಿಡುತ್ತದೆ. ರೆಸಾರ್ಟಿನ ಹುಲ್ಲುಹಾಸಿಗೆ, ಫಾರ್ಮ್‌ಹೌಸಿನ ಗೇಟಿಗೆ ಹೋದ ಕಲ್ಲು ಅದನ್ನೂ ಕಳೆದುಕೊಳ್ಳುತ್ತದೆ. ಕಲ್ಲಿನಡಿ ಕೊಪ್ಪರಿಗೆ ಇದೆಯೆಂದು ಅಮಾವಾಸ್ಯೆಯ ರಾತ್ರಿ ಅಗೆಯುವ ನಿಧಿಗಳ್ಳರು ಇನ್ನೊಂದು ಕಾಟ. ಸೂರ್ಯ ಚಂದ್ರರ ಚಿತ್ರವನ್ನು ನಿಧಿಯ ಗುರುತೆಂದು ಓದುವ ಇವರೂ ಒಂದು ರೀತಿಯ ಚಿಹ್ನಾಶಾಸ್ತ್ರಜ್ಞರೇ! ಮೂರನೆಯವರು ನಾವೇ; ಗುಡಿ ಜೀರ್ಣೋದ್ಧಾರಕ್ಕೆಂದು ಟೈಲ್ಸ್ ಹಾಕಿಸಿ ಹಳೆಯ ಕಲ್ಲನ್ನು ಮೆಟ್ಟಿಲಿಗೆ, ಚರಂಡಿಯ ಚಪ್ಪಡಿಗೆ ಬಳಸಿದವರು. ಕಳ್ಳರಿಗಿಂತ ಕಡಿಮೆಯೇನೂ ಕೆಡಿಸಿಲ್ಲ.

ಕಾನೂನು ಸ್ಪಷ್ಟವಿದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಶಿಲ್ಪ ಪುರಾವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಮನೆಯಲ್ಲಿದ್ದರೆ ನೋಂದಾಯಿಸಬೇಕು. ಆದರೆ ವೀರಗಲ್ಲಿನ ವಿಷಯದಲ್ಲಿ ನನ್ನ ನಿಲುವು ಕಾನೂನಿಗಿಂತ ಬಿಗಿ. ಜೇಡ್ ಕೊಳ್ಳುವವರನ್ನು ನಾನು ತಡೆಯುವುದಿಲ್ಲ; ಕೈ ಬದಲಾಗಲೆಂದೇ ಹುಟ್ಟಿದ ಕಲ್ಲು ಅದು. ವೀರಗಲ್ಲನ್ನು ಯಾರೂ, ಎಷ್ಟೇ ಭಕ್ತಿಯಿಂದಲೂ, ಎಷ್ಟೇ ಹಣ ಕೊಟ್ಟೂ ಸಂಗ್ರಹಿಸಬಾರದು.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಊರಿನ ಶಾಸನಗಳನ್ನು ಒಂದೊಂದಾಗಿ ಹುಡುಕಿ, 3ಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಕಲ್ಲು ತನ್ನ ಜಾಗದಲ್ಲೇ ಇರುತ್ತದೆ, ನೋಡುವವರು ಎಲ್ಲಿದ್ದರೂ ನೋಡಬಹುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅಷ್ಟು ದೊಡ್ಡ ಯಂತ್ರ ಬರುವವರೆಗೆ ಕಾಯಬೇಕಾಗಿಲ್ಲ. ಇಲ್ಲಿ ಕೂತಿರುವ ಕಾಲೇಜು ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಇಷ್ಟೆ. ನಿಮ್ಮ ಜೇಬಿನ ಮೊಬೈಲಿನಲ್ಲಿ ನಿಮ್ಮೂರಿನ ಹಳೆಯ ಕಲ್ಲುಗಳ ಫೋಟೊ ತೆಗೆಯಿರಿ, ಮುಂದಿನಿಂದ, ಹಿಂದಿನಿಂದ, ಸುತ್ತಲಿನ ಜಾಗ ಸೇರಿಸಿ. ಸರ್ವೆ ನಂಬರು, ಕಲ್ಲು ಮುಖ ಮಾಡಿದ ದಿಕ್ಕು, ಊರಿನ ಹಿರಿಯರು ಅದನ್ನು ಕರೆಯುವ ಹೆಸರು ಬರೆದುಕೊಳ್ಳಿ. ಸುಣ್ಣ, ಅರಿಸಿನ, ಪೇಂಟು ಬಳಿಯಬೇಡಿ, ಸೋಪು ಹಾ​ಕಿ ತೊಳೆಯಬೇಡಿ. ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಒಂದು ರಾಜ್ಯ ಪುರಾತತ್ವ ಇಲಾಖೆಗೆ, ಇನ್ನೊಂದು ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಮುಂದಿನ ವರ್ಷ ಈ ದತ್ತಿಯ ಉಪನ್ಯಾಸವನ್ನು ನಿಮ್ಮಲ್ಲಿ ಒಬ್ಬರು ಆ ಫೋಟೊಗಳನ್ನು ಇಟ್ಟುಕೊಂಡೇ ಕೊಡಬಹುದು. ದತ್ತಿ ಇಟ್ಟ ಹಿರಿಯರು ಒಪ್ಪುತ್ತಾರೆಂದು ನಂಬಿದ್ದೇನೆ.